ಕೋಲ್ಕತ್ತಾಗೆ ವರ್ಗವಾಯಿತಾ? ಉತ್ತರ 24 ಪರಗಣದಲ್ಲಿ ಮನೆ ಎಲ್ಲಿ ಹಿಡಿಯಬೇಕು

ಬೆಂಗಳೂರಿನಿಂದ ಕೋಲ್ಕತ್ತಾ ಆಫೀಸಿಗೆ ವರ್ಗವಾದವರಿಗೆ ಮೊದಲೇ ಒಂದು ಮಾತು. ನೀವು ಹೋಗುತ್ತಿರುವುದು ಕೋಲ್ಕತ್ತಾ ಜಿಲ್ಲೆಗಲ್ಲ. ವಿಮಾನ ಇಳಿಯುವ ದಮ್ ದಮ್, ಐಟಿ ಕಂಪನಿಗಳಿರುವ ಸಾಲ್ಟ್ ಲೇಕ್ ಸೆಕ್ಟರ್ ಫೈವ್, ಹೊಸ ಅಪಾರ್ಟ್‌ಮೆಂಟುಗಳ ನ್ಯೂ ಟೌನ್, ಇವೆಲ್ಲ ಇರುವುದು ಉತ್ತರ 24 ಪರಗಣ ಜಿಲ್ಲೆಯಲ್ಲಿ. ನಾನು ಅಲ್ಲಿ ಐದು ವರ್ಷ ಇದ್ದೆ. ಮೂರು ಕಡೆ ವಾಸ ಮಾಡಿದೆ. ಈಗಲೂ ಪರಿಚಯದವರು ಫೋನ್ ಮಾಡಿ "ಎಲ್ಲಿ ಮನೆ ಹಿಡಿಯಲಿ" ಎಂದು ಕೇಳುತ್ತಾರೆ, ಹಾಗಾಗಿ ಗೊತ್ತಿರುವುದನ್ನೆಲ್ಲ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಜಿಲ್ಲೆ ಎಷ್ಟು ದೊಡ್ಡದು ಅಂದರೆ, 2011ರ ಜನಗಣತಿಯಲ್ಲಿ ನಮ್ಮ ಬೆಂಗಳೂರು ನಗರ ಜಿಲ್ಲೆಯಲ್ಲಿ 96 ಲಕ್ಷ ಜನ ಇದ್ದರೆ ಇಲ್ಲಿ 1 ಕೋಟಿ ದಾಟಿತ್ತು. ಆಗ ದೇಶದಲ್ಲಿ ಠಾಣೆ ಬಿಟ್ಟರೆ ಇದೇ ಅತಿ ಜಾಸ್ತಿ ಜನರಿದ್ದ ಜಿಲ್ಲೆ. ಅರ್ಧಕ್ಕಿಂತ ಹೆಚ್ಚು ಮಂದಿ ಪಟ್ಟಣಗಳಲ್ಲೇ ಇದ್ದಾರೆ. 1757ರಲ್ಲಿ ಮೀರ್ ಜಾಫರ್ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ 24 ಪರಗಣಗಳಿಂದ, ಅಂದರೆ ಕಂದಾಯದ ವಿಭಾಗಗಳಿಂದ, ಈ ಹೆಸರು ಬಂತು. 1986ರಲ್ಲಿ ಉತ್ತರ, ದಕ್ಷಿಣ ಎಂದು ಎರಡು ಜಿಲ್ಲೆ ಮಾಡಿದರು. ಜಿಲ್ಲಾ ಕೇಂದ್ರ ಬಾರಾಸಾತ್. ಪಶ್ಚಿಮದಲ್ಲಿ ಹೂಗ್ಲಿ ನದಿಯ ದಂಡೆಗೆ ಒಂದಕ್ಕೊಂದು ಅಂಟಿಕೊಂಡ ಊರುಗಳು, ಪೂರ್ವದಲ್ಲಿ ಬಾಂಗ್ಲಾದೇಶದ ಗಡಿ, ಕೆಳಗೆ ಹೋದರೆ ಸುಂದರಬನದ ದ್ವೀಪಗಳು. ಕೆಲಸಕ್ಕೆ ಬರುವವರಿಗೆ ಬೇಕಾದದ್ದು ಪಶ್ಚಿಮದ ಪಟ್ಟಿ ಮಾತ್ರ, ಅದರ ಬಗ್ಗೆಯೇ ಬರೆಯುತ್ತೇನೆ.

ಎಲ್ಲರೂ ಆಫೀಸು ಎಷ್ಟು ದೂರ ಎಂದು ಮೊದಲು ನೋಡುತ್ತಾರೆ. ನಾನೂ ಹಾಗೇ ನೋಡಿದೆ. ಆದರೆ ಮನೆಯಲ್ಲಿ ಹಗಲಿಡೀ ಇರುವವರು ಯಾರು ಎಂದು ಮೊದಲು ಕೇಳಿಕೊಳ್ಳಿ. ನೀವು ಬೆಳಿಗ್ಗೆ ಹೋಗಿ ರಾತ್ರಿ ಬರುತ್ತೀರಿ. ಹೆಂಡತಿಯೋ ಗಂಡನೋ ಅಮ್ಮನೋ ಆ ಹನ್ನೊಂದು ಗಂಟೆ ಅಲ್ಲೇ ಕಳೆಯಬೇಕು, ಭಾಷೆ ಬಾರದ ಊರಲ್ಲಿ. ಅವರಿಗೆ ಒಗ್ಗಿದ ಜಾಗ ನಿಮಗೂ ಒಗ್ಗುತ್ತದೆ. ಇದರ ಉಲ್ಟಾ ಆಗುವುದಿಲ್ಲ.

ನ್ಯೂ ಟೌನ್

ಬೆಂಗಳೂರಿನವರು ನೇರವಾಗಿ ಹೋಗಿ ಬೀಳುವುದು ಇಲ್ಲಿಗೇ. ಕಾರಣವೂ ಇದೆ. ರಸ್ತೆ ಅಗಲ, ಅಪಾರ್ಟ್‌ಮೆಂಟಿನಲ್ಲಿ ಲಿಫ್ಟು, ಜನರೇಟರು, ಸೆಕ್ಯುರಿಟಿ, ಈಜುಕೊಳ, ಎಲ್ಲ ವೈಟ್‌ಫೀಲ್ಡ್ ಥರವೇ. ಹಿಂದೆ ಗದ್ದೆ, ಮೀನಿನ ಹೊಂಡಗಳಿದ್ದ ರಾಜಾರ್‌ಹಾಟ್ ಸುತ್ತಲಿನ ನೆಲದ ಮೇಲೆ ಸರ್ಕಾರದ ಹಿಡ್ಕೋ ಸಂಸ್ಥೆ ಕಟ್ಟಿಸಿದ ಊರು ಇದು. ಆಕ್ಷನ್ ಏರಿಯಾ ಒಂದು, ಎರಡು, ಮೂರು ಎಂದು ಭಾಗ ಮಾಡಿದ್ದಾರೆ. ಒಂದರಲ್ಲಿ ಅಂಗಡಿ, ಮಾರ್ಕೆಟ್ಟು, ಜನ ಇದ್ದಾರೆ. ಎರಡು, ಮೂರಕ್ಕೆ ಹೋದ ಹಾಗೆ ಕಟ್ಟಡ ದೊಡ್ಡದಾಗುತ್ತದೆ, ಜನ ಕಡಿಮೆಯಾಗುತ್ತಾರೆ. ಮಕ್ಕಳಿರುವವರಿಗೆ ಇಕೋ ಪಾರ್ಕ್ ದೊಡ್ಡ ವರ. 480 ಎಕರೆ, ನಡುವೆ ದೊಡ್ಡ ಕೆರೆ. ಚಳಿಗಾಲದ ಭಾನುವಾರ ಮಾತ್ರ ಹೋಗಬೇಡಿ, ಅರ್ಧ ಕೋಲ್ಕತ್ತಾ ಅಲ್ಲಿರುತ್ತದೆ. ಕ್ಯಾನ್ಸರ್ ಚಿಕಿತ್ಸೆಗೆ ಹೆಸರಾದ ಟಾಟಾ ಮೆಡಿಕಲ್ ಸೆಂಟರ್ ಕೂಡ ಇಲ್ಲೇ ಇದೆ.

ತೊಂದರೆ ಏನು ಅಂದರೆ ಗಾಡಿ ಇಲ್ಲದಿದ್ದರೆ ಕೈಕಾಲು ಕಟ್ಟಿದ ಹಾಗೆ. ಏರ್‌ಪೋರ್ಟ್ ಕಡೆಗೆ ಹೋಗುವ ಮೆಟ್ರೋ ಕಂಬಗಳು ವರ್ಷಗಟ್ಟಲೆಯಿಂದ ದಾರಿಯುದ್ದಕ್ಕೂ ನಿಂತಿವೆ. ನಾನಿದ್ದಷ್ಟು ದಿನವೂ ರೈಲು ಓಡಲಿಲ್ಲ. "ಇನ್ನೇನು ಮೆಟ್ರೋ ಬಂತು" ಎಂದು ಬ್ರೋಕರ್ ಹೇಳಿದ್ದನ್ನು ನಂಬಿ ಮನೆ ಹಿಡಿಯಬೇಡಿ. ನಿಮ್ಮ ಗೇಟಿನ ಹತ್ತಿರದ ಸ್ಟೇಷನ್ನಿಂದ ರೈಲು ಹತ್ತಿ ನೋಡಿದ ಮೇಲೆ ನಂಬಿ.

ನಾವು ಹದಿನಾಲ್ಕನೇ ಮಹಡಿಯಲ್ಲಿದ್ದೆವು. ಗಾಳಿ, ಬೆಳಕು, ಬಾಲ್ಕನಿಯಿಂದ ಕಾಣುವ ಕೆರೆಗಳು, ಕೊರತೆ ಏನೂ ಇರಲಿಲ್ಲ. ತೀರ್ಥಹಳ್ಳಿಯಿಂದ ಬಂದ ಅಮ್ಮ ಮೂರು ವಾರ ಕಳೆದ ಮೇಲೆ ಒಂದು ಸಂಜೆ, "ಇವತ್ತು ಯಾರ ಹತ್ತಿರವೂ ಒಂದು ಮಾತೂ ಆಡಲಿಲ್ಲ ಕಣೋ" ಅಂದರು. ದೂರು ಹೇಳುವ ದನಿಯಲ್ಲ, ಸುಮ್ನೆ ಹೇಳಿದ್ದು. ಆ ಮಾತು ನನಗೆ ನಿದ್ದೆ ಕೊಡಲಿಲ್ಲ. ಅಕ್ಕಪಕ್ಕದ ಮನೆಯವರೆಲ್ಲ ಕೆಲಸಕ್ಕೆ ಹೋಗುವ ಜೋಡಿಗಳು, ತರಕಾರಿ ಆ್ಯಪ್‌ನಲ್ಲಿ ಬರುತ್ತದೆ, ಲಿಫ್ಟಿನಲ್ಲಿ ಸಿಕ್ಕವರು ಫೋನ್ ನೋಡುತ್ತಿರುತ್ತಾರೆ. ಗಂಡ ಹೆಂಡತಿ ಇಬ್ಬರೂ ದುಡಿಯುವವರಾದರೆ ನ್ಯೂ ಟೌನ್ ಚೆನ್ನಾಗಿದೆ. ಮನೆಯಲ್ಲಿ ಒಬ್ಬರೇ ಉಳಿಯುತ್ತಾರೆ ಅಂದರೆ ಎರಡು ಸಲ ಯೋಚಿಸಿ.

ಸಾಲ್ಟ್ ಲೇಕ್

ಕಾಗದದಲ್ಲಿ ಬಿಧಾನನಗರ, ಜನರ ಬಾಯಲ್ಲಿ ಸಾಲ್ಟ್ ಲೇಕ್. ಮುಖ್ಯಮಂತ್ರಿ ಬಿಧಾನ್ ಚಂದ್ರ ರಾಯ್ ಕಾಲದ ಯೋಜನೆ. ಕೋಲ್ಕತ್ತಾದ ಪೂರ್ವಕ್ಕಿದ್ದ ಉಪ್ಪುನೀರಿನ ಜವುಗು ಕೆರೆಗಳನ್ನು ಹೂಗ್ಲಿ ನದಿಯ ಹೂಳು ತಂದು ತುಂಬಿಸಿ ಮಾಡಿದ ಬಡಾವಣೆ, ನಕ್ಷೆ ಹಾಕಿದವರು ಯುಗೊಸ್ಲಾವಿಯಾದ ವಾಸ್ತುಶಿಲ್ಪಿ ದೊಬ್ರಿವೊಯೆ ತೊಶ್ಕೊವಿಚ್. ಜಯನಗರದ ಹಳೇ ಬ್ಲಾಕುಗಳನ್ನು ನೋಡಿದವರಿಗೆ ಇಲ್ಲಿ ಮನಸ್ಸು ನಿಲ್ಲುತ್ತದೆ. ಎರಡು ಮೂರು ಮಹಡಿಯ ಮನೆಗಳು, ಮರ, ಪ್ರತಿ ಬ್ಲಾಕಿಗೂ ಒಂದು ಪಾರ್ಕು, ಒಂದು ಮಾರ್ಕೆಟ್ಟು, ದುರ್ಗಾಪೂಜೆಗೆ ಬ್ಲಾಕಿನದೇ ಪೆಂಡಾಲು. ಬ್ಲಾಕುಗಳಿಗೆ ಎಇ, ಬಿಡಿ, ಎಫ್‌ಡಿ ಎಂದು ಎರಡಕ್ಷರದ ಹೆಸರು. ದಾರಿ ಹೇಳುವಾಗ ನೀರಿನ ಟ್ಯಾಂಕಿನ ನಂಬರ್ ಹೇಳುತ್ತಾರೆ, ಎಂಟು ನಂಬರ್ ಟ್ಯಾಂಕು, ಹದಿಮೂರು ನಂಬರ್ ಟ್ಯಾಂಕು ಎಂದು. ವಿಳಾಸ ಬರೆದುಕೊಳ್ಳುವಾಗ ಹತ್ತಿರದ ಟ್ಯಾಂಕು ಯಾವುದೆಂದು ಕೇಳಿಕೊಳ್ಳಿ, ಆಟೋದವರಿಗೆ ಅದೇ ಸಾಕು.

ಈಗ ಸಾಲ್ಟ್ ಲೇಕ್‌ನ ದೊಡ್ಡ ಬಲ ಮೆಟ್ರೋ. 2020ರಲ್ಲಿ ಸೆಕ್ಟರ್ ಫೈವ್‌ನಿಂದ ಸ್ಟೇಡಿಯಂವರೆಗೆ ಮಾತ್ರ ಶುರುವಾದ ಹಸಿರು ಮಾರ್ಗ 2025ರ ಆಗಸ್ಟ್‌ನಲ್ಲಿ ಹೌರಾ ಮೈದಾನದವರೆಗೆ ಪೂರ್ತಿಯಾಯಿತು. ಹೂಗ್ಲಿ ನದಿಯ ಕೆಳಗಿನ ಸುರಂಗದಲ್ಲಿ ಹೋಗುತ್ತದೆ. ಊರಿಗೆ ಹೋಗಲು ಹೌರಾದಲ್ಲಿ ಬೆಂಗಳೂರು ರೈಲು ಹಿಡಿಯುವವರಿಗೆ ಹಳೇ ಕಾಲದ ಟ್ರಾಫಿಕ್ ಹಿಂಸೆ ಇದರಿಂದ ತಪ್ಪಿತು. ಕರುಣಾಮಯಿ, ಸೆಂಟ್ರಲ್ ಪಾರ್ಕ್, ಸಿಟಿ ಸೆಂಟರ್ ಸ್ಟೇಷನ್ನುಗಳಿಗೆ ನಡೆದು ಹೋಗುವಷ್ಟು ಹತ್ತಿರ ಮನೆ ಸಿಕ್ಕರೆ ಬೇರೆ ಏನೂ ನೋಡಬೇಡಿ. ಸೆಕ್ಟರ್ ಫೈವ್ ಒಳಗಿನ ಸ್ಟಾಪುಗಳ ಹೆಸರು ಕಾಲೇಜ್ ಮೋಡ್, ವಿಪ್ರೋ ಮೋಡ್ ಹೀಗೆ. ಮೋಡ್ ಅಂದರೆ ಬಂಗಾಳಿಯಲ್ಲಿ ರಸ್ತೆ ಕೂಡುವ ಜಾಗ.

ಇಲ್ಲಿ ಬಾಡಿಗೆಗೆ ಸಿಗುವುದು ಸಾಮಾನ್ಯವಾಗಿ ಸ್ವಂತ ಮನೆಯ ಒಂದು ಮಹಡಿ. ಮಾಲೀಕರು ಕೆಳಗೆ ಇರುತ್ತಾರೆ, ವಯಸ್ಸಾದವರು, ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕಾದಲ್ಲೋ ಇರುತ್ತಾರೆ. ಬೆಂಗಳೂರಿನಿಂದ ಬಂದವರು ಅಂದ ಕೂಡಲೇ ಮುಖ ಅರಳುತ್ತದೆ. ಮಗನ ಮನೆ ಮಾರತಹಳ್ಳಿಯಲ್ಲಿ, ಅಲ್ಲಿ ನೀರಿಗೆ ಕಷ್ಟವಂತೆ ಹೌದಾ ಎಂದು ಕೇಳುತ್ತಾರೆ. ರಾತ್ರಿ ಗೇಟು ಎಷ್ಟು ಗಂಟೆಗೆ ಹಾಕುತ್ತಾರೆ ಎಂಬುದನ್ನು ಮಾತ್ರ ಮೊದಲೇ ಕೇಳಿ, ಶಿಫ್ಟ್ ಕೆಲಸದವರಿಗೆ ಅದು ದೊಡ್ಡ ವಿಷಯ. ಮೂರು ತಿಂಗಳು ನಾನು ಇಲ್ಲೇ ಪೇಯಿಂಗ್ ಗೆಸ್ಟ್ ಆಗಿದ್ದೆ. ಬಾಡಿಗೆ ಜಿಲ್ಲೆಯಲ್ಲೇ ಜಾಸ್ತಿ ಇರುವ ಕಡೆಗಳಲ್ಲಿ ಇದೂ ಒಂದು. ಮನೆ ಕೊಳ್ಳುವ ಆಸೆ ಇದ್ದರೆ ತಿಳಿದಿರಲಿ, ಇಲ್ಲಿನ ನಿವೇಶನಗಳು ಸರ್ಕಾರ 999 ವರ್ಷದ ಲೀಸ್‌ಗೆ ಕೊಟ್ಟವು, ಹಾಗಾಗಿ ವಕೀಲರಿಗೆ ತೋರಿಸದೆ ಅಡ್ವಾನ್ಸ್ ಕೊಡಬೇಡಿ.

ದಮ್ ದಮ್, ಲೇಕ್ ಟೌನ್, ನಾಗೇರ್‌ಬಾಜಾರ್

ನನ್ನ ಮನಸ್ಸು ಇರುವುದು ಇಲ್ಲಿ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಇದು ಯೋಜನೆ ಹಾಕಿ ಕಟ್ಟಿದ ಊರಲ್ಲ. ಹಳೇ ಮನೆ, ಅದರ ಪಕ್ಕ ನಾಲ್ಕು ಮಹಡಿ ಫ್ಲಾಟು, ನಡುವೆ ಒಂದು ಕೊಳ, ಎದುರಿಗೆ ಸಿಹಿ ಅಂಗಡಿ, ಸಣ್ಣ ಗಲ್ಲಿಯಲ್ಲಿ ಟೋಟೋಗಳು. ಟೋಟೋ ಅಂದರೆ ಬ್ಯಾಟರಿ ರಿಕ್ಷಾ. 1947ರ ನಂತರ ಪೂರ್ವ ಬಂಗಾಳದಿಂದ ಎಲ್ಲ ಬಿಟ್ಟು ಬಂದವರು ಈ ಜಿಲ್ಲೆಯಲ್ಲಿ ಕಾಲೊನಿಗಳನ್ನು ಕಟ್ಟಿಕೊಂಡರು, ದಮ್ ದಮ್ ಸುತ್ತ ಅವರ ಮನೆಗಳು ತುಂಬ. ಊರು ಬಿಟ್ಟು ಬಂದ ನೋವು ಅಜ್ಜ ಅಜ್ಜಿಯ ಕಾಲದಿಂದ ಗೊತ್ತಿರುವ ಜನ, ಹೊಸಬರನ್ನು ಬೇಗ ಒಳಗೆ ಕರೆಯುತ್ತಾರೆ ಎಂದು ನನಗೆ ಅನ್ನಿಸಿದೆ.

ಇಲ್ಲಿ ಪಾಡಾ ಅನ್ನುವುದು ಮುಖ್ಯ. ಕೇರಿ ಅನ್ನಿ, ಓಣಿ ಅನ್ನಿ. ಪಾಡಾದಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ನ್ಯೂ ಟೌನ್ ಬಿಟ್ಟು ನಾಗೇರ್‌ಬಾಜಾರ್ ಹತ್ತಿರ ಎರಡನೇ ಮಹಡಿಯ ಮನೆಗೆ ಬಂದ ಮೊದಲ ವಾರವೇ ಅಮ್ಮ ಕೈಚೀಲ ಹಿಡಿದು ಬೆಳಗಿನ ಬಾಜಾರಿಗೆ ಹೋಗಿ, ಬಾಳೆದಿಂಡು, ಬಾಳೆಹೂವು, ಎಳೇ ಹಲಸಿನಕಾಯಿ, ಕೆಸುವಿನ ದಂಟು ಎಲ್ಲ ಸಿಗುತ್ತದೆ ಎಂದು ಖುಷಿಯಿಂದ ಬಂದರು. ಬಂಗಾಳಿಯಲ್ಲಿ ಅವು ಥೋಡ್, ಮೋಚಾ, ಎಂಚೋಡ್, ಕೊಚು. ನಮ್ಮ ಮಲೆನಾಡಿನ ಹಿತ್ತಲೇ ಅಲ್ಲಿ ರಾಶಿ ಹಾಕಿಕೊಂಡು ಕುಳಿತಿರುತ್ತದೆ. ಎದುರು ಮನೆಯ ಕಾಕಿಮಾ, ಅಂದರೆ ಚಿಕ್ಕಮ್ಮ, ನೆಲದ ಮೇಲೆ ಕುಳಿತು ಬೋಂಟಿಯಲ್ಲಿ ತರಕಾರಿ ಹೆಚ್ಚುವುದನ್ನು ನೋಡಿ ಅಮ್ಮನಿಗೆ ಆಶ್ಚರ್ಯ. ಅದು ನಮ್ಮ ಮೆಟ್ಟುಗತ್ತಿಯೇ, ಈಳಿಗೆ ಮಣೆ. ಒಬ್ಬರಿಗೆ ಕನ್ನಡ ಬಾರದು, ಒಬ್ಬರಿಗೆ ಬಂಗಾಳಿ ಬಾರದು, ಆದರೂ ಎರಡು ತಿಂಗಳಲ್ಲಿ ಇಬ್ಬರೂ ಒಟ್ಟಿಗೆ ಕುಳಿತು ಬಾಳೆಹೂವು ಬಿಡಿಸುತ್ತಿದ್ದರು. ಹೊರಡುವಾಗ ಕಾಕಿಮಾ "ಆಶಿ" ಅನ್ನುತ್ತಿದ್ದರು. ಬರುತ್ತೇನೆ ಅಂತ ಅರ್ಥ. ಹೋಗುತ್ತೇನೆ ಅನ್ನಬಾರದು, ನಮ್ಮ ಹಾಗೇ.

ಅಡುಗೆಮನೆಯ ವಿಷಯ ಬಂತು, ಇನ್ನೂ ಎರಡು ಮಾತು. ಸಾಸಿವೆ ಎಣ್ಣೆಯ ಘಾಟು, ಮೀನಿನ ವಾಸನೆ ಮನೆ ಮನೆಯಿಂದ ಬರುತ್ತದೆ, ಸಸ್ಯಾಹಾರಿಗಳು ಮನಸ್ಸು ಗಟ್ಟಿ ಮಾಡಿಕೊಂಡೇ ಬನ್ನಿ. ಮಾರ್ಕೆಟ್ಟಿನಲ್ಲಿ ತರಕಾರಿ ಸಾಲು ಮೀನಿನ ಸಾಲು ಪಕ್ಕಪಕ್ಕದಲ್ಲೇ ಇರುತ್ತವೆ. ಆದರೆ ಗಸಗಸೆ ಹಾಕಿದ ಹೀರೆಕಾಯಿ, ತೆಂಗಿನ ಚೂರು ಹಾಕಿದ ಕಡಲೇಬೇಳೆ, ಹಾಗಲಕಾಯಿ ಹಾಕಿ ಮಾಡುವ ಶುಕ್ತೊ, ಇಂಥವು ನಮ್ಮ ಬಾಯಿಗೆ ಬೇಗ ಹಿಡಿಸುತ್ತವೆ. ಫಿಲ್ಟರ್ ಕಾಫಿ ಪುಡಿ, ಸಾರಿನ ಪುಡಿ, ಅಪ್ಪಳ ಬೇಕೆಂದರೆ ದಕ್ಷಿಣ ಕೋಲ್ಕತ್ತಾದ ಲೇಕ್ ಮಾರ್ಕೆಟ್‌ಗೆ ಹೋಗಬೇಕು, ದಕ್ಷಿಣ ಭಾರತದವರು ಹಿಂದಿನಿಂದ ನೆಲೆಸಿರುವ ಕಡೆ ಅದು. ಕರಿಬೇವಿನ ಗಿಡ ಕುಂಡದಲ್ಲಿ ಹಾಕಿಕೊಳ್ಳಿ.

ಓಡಾಟಕ್ಕೆ ದಮ್ ದಮ್ ಜಂಕ್ಷನ್ ಒಂದೇ ಸಾಕು. ಲೋಕಲ್ ರೈಲು, ಮೆಟ್ರೋ ಎರಡೂ ಅಲ್ಲಿ ಕೂಡುತ್ತವೆ. ಸೆಕ್ಟರ್ ಫೈವ್‌ಗೆ ಹೋಗುವವರು ಲೋಕಲ್‌ನಲ್ಲಿ ಒಂದೇ ಸ್ಟಾಪು ಬಿಧಾನನಗರ ರೋಡ್‌ಗೆ ಹೋಗಿ, ಉಲ್ಟಾಡಾಂಗಾದಲ್ಲಿ ಶೇರ್ ಆಟೋ ಹಿಡಿಯುತ್ತಾರೆ. ಅಲ್ಲಿ ಆಟೋ ಮೀಟರಿನ ಮೇಲೆ ಓಡುವುದಿಲ್ಲ, ನಿಗದಿಯಾದ ದಾರಿ, ನಿಗದಿಯಾದ ದರ, ಚಿಲ್ಲರೆ ಕೈಯಲ್ಲೇ ಇರಲಿ. 2025ರಲ್ಲಿ ನೋಆಪಾಡಾದಿಂದ ದಮ್ ದಮ್ ಕ್ಯಾಂಟೋನ್ಮೆಂಟ್ ಮೇಲೆ ಏರ್‌ಪೋರ್ಟಿಗೂ ಮೆಟ್ರೋ ಬಂತು. ತಿಂಗಳಿಗೊಮ್ಮೆ ಬೆಂಗಳೂರಿಗೆ ಹಾರುವವರಿಗೆ ಇದಕ್ಕಿಂತ ಅನುಕೂಲದ ಜಾಗ ಇಲ್ಲ.

ಕಷ್ಟಗಳೂ ಇವೆ. ಜೆಸ್ಸೋರ್ ರೋಡು, ವಿಐಪಿ ರೋಡು ಎರಡೂ ಸಂಜೆ ಹೊತ್ತು ತುಂಬಿ ನಿಲ್ಲುತ್ತವೆ. ಲೇಕ್ ಟೌನ್ ಪಕ್ಕದ ಶ್ರೀಭೂಮಿಯ ದುರ್ಗಾಪೂಜೆ ಎಷ್ಟು ಹೆಸರುವಾಸಿ ಅಂದರೆ, ಆ ದಿನಗಳಲ್ಲಿ ಏರ್‌ಪೋರ್ಟಿಗೆ ಹೋಗುವವರು ಎರಡು ಗಂಟೆ ಮೊದಲೇ ಹೊರಡಬೇಕು. ಪಾರ್ಕಿಂಗ್ ಕನಸು. ಮಧ್ಯಾಹ್ನ ಒಂದರಿಂದ ನಾಲ್ಕು ಐದರವರೆಗೆ ಸಣ್ಣ ಅಂಗಡಿಗಳು ಮುಚ್ಚಿರುತ್ತವೆ, ಊಟದ ನಿದ್ದೆ.

ಬಾರಾಸಾತ್, ಮಧ್ಯಮ್‌ಗ್ರಾಮ್

ಬಾಡಿಗೆ ಕಡಿಮೆ ಬೇಕು, ಮನೆ ದೊಡ್ಡದಿರಬೇಕು ಅನ್ನುವವರಿಗೆ. ಕೋಲ್ಕತ್ತಾದ ಸಿಯಾಲ್ದಾ ಸ್ಟೇಷನ್ನಿಂದ ಬನಗಾಂವ್ ಲೈನಿನಲ್ಲಿ ಬಿರಾಟಿ, ನ್ಯೂ ಬ್ಯಾರಕ್‌ಪುರ, ಮಧ್ಯಮ್‌ಗ್ರಾಮ್ ದಾಟಿದರೆ ಬಾರಾಸಾತ್. ಮುಕ್ಕಾಲು ಗಂಟೆಯ ಆಸುಪಾಸು. ಕಾಳಿಪೂಜೆಗೆ ಈ ಊರುಗಳು ಹೆಸರುವಾಸಿ, ದೀಪಾವಳಿಯ ಹೊತ್ತಿಗೆ ಸುತ್ತಲಿನವರೆಲ್ಲ ಇಲ್ಲಿಗೆ ಬರುತ್ತಾರೆ. ಆರೋಗ್ಯದ ವಿಷಯದಲ್ಲಿ ನಮ್ಮ ಕಡೆಯ ನಂಟೂ ಒಂದಿದೆ. ಕಿನ್ನಿಗೋಳಿಯ ಡಾಕ್ಟರ್ ದೇವಿ ಶೆಟ್ಟಿ ಬೆಂಗಳೂರಿನಲ್ಲಿ ಆಸ್ಪತ್ರೆ ಕಟ್ಟುವ ಮೊದಲು ಕೋಲ್ಕತ್ತಾದಲ್ಲಿ ಕೆಲಸ ಮಾಡಿದವರು, ಮದರ್ ತೆರೇಸಾ ಅವರಿಗೂ ಚಿಕಿತ್ಸೆ ಕೊಟ್ಟವರು. ಅವರ ನಾರಾಯಣ ಸಂಸ್ಥೆಯ ಆಸ್ಪತ್ರೆ ಬಾರಾಸಾತ್‌ನಲ್ಲೂ ಇದೆ. ಕನ್ನಡಿಗ ಅಂದರೆ ದೇವಿ ಶೆಟ್ಟಿ ಊರಿನವರಾ ಎಂದು ಕೇಳಿದವರು ನನಗೆ ಎಷ್ಟೋ ಜನ ಸಿಕ್ಕಿದ್ದಾರೆ.

ಆದರೆ ದಿನಾ ಸೆಕ್ಟರ್ ಫೈವ್‌ಗೆ ಓಡಾಡುವವರು ಲೋಕಲ್ ರೈಲಿನ ರಷ್ ಒಮ್ಮೆ ಹತ್ತಿ ನೋಡಿ. ಡೇಲಿ ಪ್ಯಾಸೆಂಜರಿ ಎಂಬ ಮಾತೇ ಬಂಗಾಳಿಯಲ್ಲಿದೆ. ದಿನವೂ ಅದೇ ಗಾಡಿ, ಅದೇ ಡಬ್ಬಿ, ಅದೇ ಗುಂಪು, ನಡುವೆ ಇಸ್ಪೀಟು, ಖಾರದ ಮಂಡಕ್ಕಿಯ ಝಾಲ್‌ಮುಡಿ. ಗುಂಪಿಗೆ ಸೇರಿದರೆ ಆ ಹೊತ್ತು ಹಿತವಾಗಿ ಹೋಗುತ್ತದೆ, ಸೇರುವವರೆಗೆ ಕಷ್ಟ.

ಬ್ಯಾರಕ್‌ಪುರ ಲೈನು

ಬರಾನಗರ, ಬೆಲ್‌ಘರಿಯಾ, ಸೋದ್‌ಪುರ, ಖಡದಹ, ಟೀಟಾಗಢ, ಬ್ಯಾರಕ್‌ಪುರ, ಮುಂದೆ ನೈಹಾಟಿ. ಹೂಗ್ಲಿಯ ದಂಡೆಯುದ್ದಕ್ಕೂ ಒಂದು ಊರು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ. ಸೆಣಬಿನ ಗಿರಣಿಗಳ ಪಟ್ಟಿ ಇದು. ಗಿರಣಿ ಕೆಲಸಕ್ಕೆ ಬಿಹಾರ, ಒಡಿಶಾ, ಆಂಧ್ರದಿಂದ ಬಂದವರು ತಲೆಮಾರುಗಳಿಂದ ಇಲ್ಲೇ ಇದ್ದಾರೆ, ಟೀಟಾಗಢದಲ್ಲಿ ತೆಲುಗು ಕೇಳಿಸಿದರೆ ಗಾಬರಿಯಾಗಬೇಡಿ. ಎಷ್ಟೋ ಗಿರಣಿಗಳು ಮುಚ್ಚಿ, ತೆರೆದು, ಮತ್ತೆ ಮುಚ್ಚಿ ಆ ಕುಟುಂಬಗಳು ಬಹಳ ನೊಂದಿವೆ.

ಬ್ಯಾರಕ್‌ಪುರದ ಕ್ಯಾಂಟೋನ್ಮೆಂಟ್ ಭಾಗ ಮಾತ್ರ ಬೇರೆಯೇ ಲೋಕ. ದೊಡ್ಡ ಮರಗಳು, ನದಿ, ಗಾಂಧಿ ಘಾಟ್. 1857ರ ಮಾರ್ಚ್ 29ರಂದು ಮಂಗಲ್ ಪಾಂಡೆ ಬಂದೂಕು ಎತ್ತಿದ್ದು ಇಲ್ಲೇ. ನಿವೃತ್ತರಾದ ತಂದೆ ತಾಯಿ ಜೊತೆಗಿದ್ದರೆ, ನಿಮಗೆ ವಾರಕ್ಕೆ ಎರಡು ಮೂರು ದಿನವಷ್ಟೇ ಆಫೀಸು ಇದ್ದರೆ, ಇಲ್ಲಿ ಬಂದಿರಿ. ಬೆಳಿಗ್ಗೆ ನದಿಯ ದಂಡೆಯಲ್ಲಿ ನಡೆಯುವುದೇ ಒಂದು ಸುಖ. ಬರಾನಗರದಲ್ಲಿ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಇದೆ, ಅದಕ್ಕೆ ಬೆಂಗಳೂರಿನಲ್ಲೂ ಕೇಂದ್ರ ಇರುವುದರಿಂದ ಅಲ್ಲಿಗೆ ಬರುವ ಕನ್ನಡದ ಹುಡುಗರು ಬಿ.ಟಿ. ರೋಡಿನ ಸುತ್ತಲೇ ರೂಮು ನೋಡಿಕೊಳ್ಳುವುದು ಒಳ್ಳೆಯದು. ಹತ್ತಿರದಲ್ಲೇ ದಕ್ಷಿಣೇಶ್ವರ, 2021ರಿಂದ ಮೆಟ್ರೋ ಕೂಡ ಇದೆ. ಕುವೆಂಪು ಓದಿ ಬೆಳೆದವರಿಗೆ ರಾಮಕೃಷ್ಣರ ಆ ಕೋಣೆಯ ಬಾಗಿಲಲ್ಲಿ ನಿಂತಾಗ ಏನಾಗುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ಅಮ್ಮ ಪ್ರತಿ ತಿಂಗಳೂ ಹೋಗುತ್ತಿದ್ದರು.

ಬ್ರೋಕರ್ ಹೇಳದ ವಿಷಯ: ನೀರು

ಎಲ್ಲಿ ಹಿಡಿದರೂ ಮನೆ ನೋಡುವಾಗ ಎರಡು ಥರದ ನೀರು ಕೇಳಿ. ಮೊದಲನೆಯದು ಕುಡಿಯುವ ನೀರು. ಈ ಜಿಲ್ಲೆಯ ಅಂತರ್ಜಲದಲ್ಲಿ ಹಲವು ಕಡೆ ಆರ್ಸೆನಿಕ್ ಇದೆ, ಬಾರಾಸಾತ್ ಸುತ್ತ, ಹಾಬ್ರಾ, ದೇಗಂಗಾ, ಗಾಯ್‌ಘಾಟಾ ಕಡೆ ಇದು ಹಳೇ ಸಂಕಟ. ಆರ್ಸೆನಿಕ್‌ಗೆ ಬಣ್ಣ ಇಲ್ಲ, ರುಚಿ ಇಲ್ಲ, ಕುದಿಸಿದರೂ ಹೋಗುವುದಿಲ್ಲ. ನಲ್ಲಿಯಲ್ಲಿ ಬರುವುದು ಶುದ್ಧ ಮಾಡಿದ ಗಂಗೆಯ (ಹೂಗ್ಲಿಯನ್ನೇ ಅಲ್ಲಿ ಹಾಗೆ ಕರೆಯುತ್ತಾರೆ) ನೀರಾ, ಬೋರಿನ ನೀರಾ ಎಂದು ಕೇಳಿ. ಬೋರಿನದಾದರೆ ಪರೀಕ್ಷೆ ಮಾಡಿಸಿ, ಇಲ್ಲವೇ ಆರ್‌ಒ ಹಾಕಿಸಿ. ಬಕೆಟ್ಟು, ಟೈಲ್ಸು ಹಳದಿಯಾಗಿದ್ದರೆ ಕಬ್ಬಿಣದ ಅಂಶ ಜಾಸ್ತಿ ಇದೆ ಅಂತ. ಬಿಳಿ ಅಂಗಿ ಉಳಿಯುವುದಿಲ್ಲ.

ಎರಡನೆಯದು ಮಳೆನೀರು. ನೆಲ ಸಮತಟ್ಟು, ಕಾಲುವೆ ತುಂಬಿದರೆ ನೀರು ಹೋಗುವುದಕ್ಕೆ ದಾರಿ ಇಲ್ಲ. ನನ್ನ ಸಹೋದ್ಯೋಗಿಯೊಬ್ಬರಿಗೆ ಬ್ರೋಕರ್ ಒಬ್ಬ ಡಿಸೆಂಬರ್‌ನಲ್ಲಿ ಕೆಷ್ಟೊಪುರದ ನೆಲಮಹಡಿ ಮನೆ ತೋರಿಸಿದ, ಅಗ್ಗಕ್ಕೆ ಸಿಕ್ಕಿತೆಂದು ಅವರು ತೆಗೆದುಕೊಂಡರು. ಜುಲೈನಲ್ಲಿ ಮೊಣಕಾಲುದ್ದ ನೀರು, ಫ್ರಿಜ್ಜು ಹೋಯಿತು, ಮಗುವಿಗೆ ಡೆಂಗಿ ಬಂತು. ಅದಕ್ಕೇ ಹೇಳುವುದು, ನೆಲಮಹಡಿ ಬೇಡ, ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ. ನ್ಯೂ ಟೌನ್, ಸಾಲ್ಟ್ ಲೇಕ್‌ನಲ್ಲೂ ರಸ್ತೆಗಳು ಮುಳುಗುತ್ತವೆ. ಹೊರಗಿನ ಗೋಡೆಯ ಮೇಲೆ ನೀರಿನ ಗೆರೆ ಇದೆಯಾ ನೋಡಿ, ಎದುರಿನ ಚಹಾ ಅಂಗಡಿಯವರನ್ನು ಕೇಳಿ. ಅವರು ನಿಜ ಹೇಳುತ್ತಾರೆ.

ಒಪ್ಪಂದ ಸಾಮಾನ್ಯವಾಗಿ 11 ತಿಂಗಳದ್ದು, ಅಡ್ವಾನ್ಸು ಎರಡು ಮೂರು ತಿಂಗಳ ಬಾಡಿಗೆ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬಂದವರಿಗೆ ಇದು ದೊಡ್ಡ ನೆಮ್ಮದಿ. ಬ್ರೋಕರಿಗೆ ಒಂದು ತಿಂಗಳ ಬಾಡಿಗೆ.

ಹವೆ ಬಗ್ಗೆ ಸ್ವಲ್ಪ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಬೆವರು, ಮಂಗಳೂರಿನವರಿಗೆ ಹೊಸದಲ್ಲ, ಬೆಂಗಳೂರಿನವರಿಗೆ ತಡೆಯುವುದಿಲ್ಲ. ನಡುವೆ ಸಂಜೆ ಹೊತ್ತು ಕಾಲ್‌ಬೈಶಾಖಿ ಗಾಳಿಮಳೆ ಬಂದರೆ ಊರೇ ಉಸಿರು ಬಿಡುತ್ತದೆ. ಡಿಸೆಂಬರ್‌ನಲ್ಲಿ ಸಂಜೆ ಐದಕ್ಕೇ ಕತ್ತಲು, ಹಾಗಾಗಿ ಶಾಲೆಯಿಂದ ಬಂದ ಮಕ್ಕಳಿಗೆ ಆಡುವ ಹೊತ್ತು ಸಿಗುವುದಿಲ್ಲ. ಶಾಲೆ ಮನೆಗೆ ಹತ್ತಿರ ಇರುವುದು ಇಲ್ಲಿ ಅದಕ್ಕೇ ಇನ್ನೂ ಮುಖ್ಯ.

ಒಬ್ಬರೇ ಬರುವುದಾದರೆ ಸಾಲ್ಟ್ ಲೇಕ್‌ನಲ್ಲಿ, ಮೆಟ್ರೋ ಹತ್ತಿರ, ರೂಮು ಚಿಕ್ಕದಾದರೂ ಸರಿ. ಇಬ್ಬರೂ ದುಡಿಯುವವರು, ಕಾರಿದೆ, ಎಂದರೆ ನ್ಯೂ ಟೌನ್ ಆಕ್ಷನ್ ಏರಿಯಾ ಒಂದು. ದುಡ್ಡು ಉಳಿಸಲೇಬೇಕು ಅನ್ನುವವರು ಮಧ್ಯಮ್‌ಗ್ರಾಮ್. ಅಪ್ಪ ಅಮ್ಮ ಇದ್ದಾರೆ, ಅಥವಾ ಮನೆಯಲ್ಲಿರುವವರಿಗೆ ಮಾತು ಬೇಕು ಅಂದರೆ ದಮ್ ದಮ್, ಎರಡನೇ ಮಹಡಿ, ಬಾಜಾರಿಗೆ ನಡೆದು ಹೋಗುವಷ್ಟು ದೂರದಲ್ಲಿ. ಮೊದಲ ತಿಂಗಳು ಗೆಸ್ಟ್ ಹೌಸಿನಲ್ಲಿದ್ದು, ಬೆಳಗಿನ ಎಂಟು ಗಂಟೆಗೆ ಒಮ್ಮೆ, ಸಂಜೆ ಏಳು ಗಂಟೆಗೆ ಒಮ್ಮೆ ಆ ಬೀದಿಯಲ್ಲಿ ನಿಂತು ನೋಡಿ ಆಮೇಲೆ ಒಪ್ಪಿಕೊಳ್ಳಿ. ಮನೆ ನೋಡಲು ಹೋಗುವಾಗ ಹಗಲಿಡೀ ಅಲ್ಲಿ ಇರಬೇಕಾದವರನ್ನೂ ಕರೆದುಕೊಂಡು ಹೋಗಿ. ನಾವು ನಾಗೇರ್‌ಬಾಜಾರಿನ ಮನೆ ನೋಡಲು ಹೋದ ದಿನ ನಾನು ಬಾತ್‌ರೂಮು, ಮೀಟರು ನೋಡುತ್ತಿದ್ದೆ, ಅಮ್ಮ ಕಿಟಕಿ ತೆಗೆದು ಕೆಳಗೆ ನೋಡಿದರು, ಯಾರೋ ಅಂಗಳದಲ್ಲಿ ಹಪ್ಪಳದ ಹಾಗೆ ಏನನ್ನೋ ಬಿಸಿಲಿಗೆ ಒಣಗಿಸುತ್ತಿದ್ದರು. "ಇದೇ ಇರಲಿ" ಅಂದರು.